ಸೆಕೆಂಡ್ ಹ್ಯಾಂಡ್ ಗಾಳಿ ಬೋಟ್: ತೂತಿಗಿಂತ ಮೊದಲು ಅಂಟು ನೋಡಿ

ಪ್ರಶ್ನೆ: ನಮ್ಮದು ಹೊನ್ನಾವರ ತಾಲ್ಲೂಕು, ಮನೆ ಶರಾವತಿ ಹೊಳೆಯ ದಂಡೆಗೇ ಇದೆ. ಮನೆಮಂದಿ ಸುತ್ತಾಡಲು, ಗಾಳ ಹಾಕಲು ಒಂದು ಗಾಳಿ ತುಂಬುವ ಬೋಟ್ ಬೇಕಿತ್ತು. ಮಂಗಳೂರಿನಲ್ಲಿ ಒಬ್ಬರು 3.3 ಮೀಟರ್ ಉದ್ದದ ಪಿವಿಸಿ ಬೋಟ್ ಮಾರುತ್ತಿದ್ದಾರೆ. ಅದರ ನೆಲವೂ ಗಾಳಿ ತುಂಬುವಂಥದ್ದು. ಜೊತೆಗೆ 8 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಕೊಡುತ್ತಾರೆ. 2016ರ ಬೋಟಂತೆ, ಹೆಚ್ಚು ಬಳಸಿಲ್ಲವಂತೆ. ಟ್ಯೂಬಿನ ಮೇಲೆ ಎರಡು ಪ್ಯಾಚ್ ಇವೆ, ನನಗೆ ಇರುವ ಅನುಮಾನ ಅದೊಂದೇ. ಗಾಳಿ ತುಂಬಿದ ವಿಡಿಯೊ ಕಳಿಸಿದ್ದಾರೆ, ಗಟ್ಟಿಯಾಗಿಯೇ ಕಾಣುತ್ತದೆ. ಪ್ಯಾಚ್ ಬಿದ್ದ ಬೋಟ್ ತೆಗೆದುಕೊಳ್ಳಬಹುದೇ? ಹೋದಾಗ ಏನೇನು ನೋಡಬೇಕು?

ಉತ್ತರ: ಪ್ಯಾಚ್ ಬಿದ್ದ ಬೋಟ್ ಧಾರಾಳವಾಗಿ ತೆಗೆದುಕೊಳ್ಳಬಹುದು. ರಿಪೇರಿಗೆ ಬರುವ ಬೋಟ್‌ಗಳಲ್ಲಿ ತೂತು ಬಿದ್ದವನ್ನು ನಾನು ಸಂತೋಷದಿಂದಲೇ ಒಳಗೆ ಕರೆದುಕೊಳ್ಳುತ್ತೇನೆ. ಅರ್ಧ ದಿನದ ಕೆಲಸ, ಸರಿಯಾಗಿ ಅಂಟಿಸಿದರೆ ಆ ಜಾಗ ಮತ್ತೆ ತಕರಾರು ಮಾಡುವುದಿಲ್ಲ. ನಿಮ್ಮ ಪತ್ರದಲ್ಲಿ ನನಗೆ ಅನುಮಾನ ಬಂದದ್ದು ಬೇರೆ ಮೂರು ಮಾತಿಗೆ: ಪಿವಿಸಿ, 2016, ಹೆಚ್ಚು ಬಳಸಿಲ್ಲ.

ಯಾಕೆಂದು ಹೇಳುತ್ತೇನೆ. ಈ ಬೋಟ್ ಮೂಲತಃ ಬಟ್ಟೆ. ಪಾಲಿಯೆಸ್ಟರ್ ಬಟ್ಟೆಯ ಎರಡೂ ಮೈಗೆ ಪಿವಿಸಿ ಲೇಪ ಕೊಟ್ಟು, ಅದನ್ನು ತುಂಡು ತುಂಡು ಕತ್ತರಿಸಿ, ಜೋಡಿಸಿ ಟ್ಯೂಬ್ ಮಾಡಿರುತ್ತಾರೆ. ಜೋಡಿಸುವ ಕ್ರಮ ಎರಡು. ಒಂದು ಅಂಟು, ಇನ್ನೊಂದು ಬಿಸಿಯಲ್ಲಿ ಬೆಸೆಯುವುದು, ಅಂದರೆ ವೆಲ್ಡಿಂಗ್. ವೆಲ್ಡ್ ಆದ ಜಾಗದಲ್ಲಿ ಎರಡು ಪದರ ಕರಗಿ ಒಂದಾಗಿರುತ್ತವೆ, ಬಟ್ಟೆ ಇರುವಷ್ಟು ಕಾಲ ಅದೂ ಇರುತ್ತದೆ. ಅಂಟಿನ ಜಾಯಿಂಟಿಗೆ ಅದರದೇ ಆಯುಷ್ಯ. ಸೆಕೆ, ತೇವ, ಬಿಸಿಲು ಮೂರೂ ಸೇರಿದ ಕರಾವಳಿಯಂಥ ಊರಿನಲ್ಲಿ ಅದು ಬೇಗ ಮುಗಿಯುತ್ತದೆ. ಓಡಿಸದೇ ಅಟ್ಟದ ಮೇಲೆ ಇಟ್ಟರೂ ಮುಗಿಯುತ್ತದೆ. ಮದುವೆಗೆಂದು ಕೊಂಡು ಡಬ್ಬಿಯಲ್ಲೇ ಇಟ್ಟ ಬೂಟಿನ ಅಟ್ಟೆ ನಾಲ್ಕೈದು ವರ್ಷ ಬಿಟ್ಟು ಹಾಕಿದ ದಿನವೇ ಬಾಯಿ ಬಿಡುತ್ತದಲ್ಲ, ಅದೇ ಕತೆ. ಆದ್ದರಿಂದ ‘ಹೆಚ್ಚು ಬಳಸಿಲ್ಲ’ ಎಂಬ ಮಾತಿಗೆ ನಾನು ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ. ಎಲ್ಲಿ ಇಟ್ಟಿದ್ದಿರಿ, ಹೇಗೆ ಇಟ್ಟಿದ್ದಿರಿ ಎಂದು ಕೇಳಿ. ಶೀಟಿನ ಮಾಡಿನ ಶೆಡ್ಡಿನಲ್ಲಿ, ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದರು ಎಂದರೆ ಅದೇ ಕೆಟ್ಟ ಸುದ್ದಿ.

ಹಾಗಾಗಿ ಮೊದಲು ಜಾಯಿಂಟ್ ನೋಡಿ. ವೆಲ್ಡ್ ಮಾಡಿದ್ದು ಸಮತಟ್ಟಾಗಿ, ಉದ್ದಕ್ಕೂ ಒಂದೇ ಅಗಲಕ್ಕೆ, ಯಂತ್ರ ಒತ್ತಿದ ಗುರುತಿನೊಂದಿಗೆ ಇರುತ್ತದೆ. ಅಂಟಿಸಿದ್ದರ ಮೇಲೆ ಸಾಮಾನ್ಯವಾಗಿ ಒಂದು ಪಟ್ಟಿ ಕೂರಿಸಿರುತ್ತಾರೆ, ಅದರ ಅಂಚಿನಲ್ಲಿ ಹಳದಿಗೆ ತಿರುಗಿದ ಅಂಟಿನ ಗೆರೆ ಕಾಣುತ್ತದೆ. ಆ ಅಂಚಿಗೆ ಹೆಬ್ಬೆರಳಿನ ಉಗುರು ಕೊಟ್ಟು ಮೆಲ್ಲಗೆ ಎತ್ತಲು ನೋಡಿ. ಚೆನ್ನಾಗಿದ್ದರೆ ಉಗುರು ಜಾರುತ್ತದೆ. ಅಂಟು ಸೋತಿದ್ದರೆ ಪಟ್ಟಿಯ ಅಂಚು ಏಳುತ್ತದೆ. ಕೆಳಗೆ ಒಣ ಪುಡಿ ಕಾಣಬಹುದು, ಇಲ್ಲವೇ ಅಂಟು ಜೇನಿನ ಎಳೆ ಬಂದಂತೆ ಬೆರಳಿಗೆ ಹತ್ತಬಹುದು. ಎರಡೂ ಸಾವಿನ ಲಕ್ಷಣಗಳೇ.

ಸುಮ್ಮನೆ ಎಲ್ಲೆಂದರಲ್ಲಿ ಕೆರೆಯಬೇಡಿ, ಭಾರ ಬೀಳುವ ಜಾಗಗಳನ್ನೇ ನೋಡಿ. ಬೋಟನ್ನು ಮಗುಚಿ ಹಾಕಿ, ಅಡಿ ಬಟ್ಟೆ ಟ್ಯೂಬಿಗೆ ಸೇರುವ ಗೆರೆಯನ್ನು ಮೂತಿಯಿಂದ ಹಿಂದಿನವರೆಗೆ ಪೂರ್ತಿ ಬೆರಳಾಡಿಸಿಕೊಂಡು ಹೋಗಿ. ಎಂಜಿನ್ ಕೂರುವ ಹಿಂದಿನ ಹಲಗೆ, ಅದನ್ನು ಟ್ರಾನ್ಸಮ್ ಎನ್ನುತ್ತಾರೆ, ಟ್ಯೂಬಿಗೆ ಅಂಟಿರುವ ನಾಲ್ಕೂ ಮೂಲೆ ನೋಡಿ. ಟ್ಯೂಬುಗಳ ಹಿಂದುದಿಯ ಶಂಕುಗಳ ಜಾಯಿಂಟ್ ನೋಡಿ. ಹಿಡಿಕೆ, ಹಗ್ಗದ ಬಳೆಗಳನ್ನು ಕೈಯಲ್ಲಿ ಹಿಡಿದು ಜಗ್ಗಿ. ಒಂದು ಕಡೆ ಒಂದಿಂಚು ಎದ್ದಿದ್ದರೆ ಅದು ರಿಪೇರಿ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕಡೆ ಎದ್ದಿದ್ದರೆ ಅದೇ ದಿನ, ಅದೇ ಡಬ್ಬಿಯ ಅಂಟಿನಲ್ಲಿ ಮಾಡಿದ ಉಳಿದ ಜಾಯಿಂಟ್‌ಗಳೂ ಸರದಿಯಲ್ಲಿವೆ ಎಂದೇ ಅರ್ಥ. ಒಂದನ್ನು ಅಂಟಿಸುವಷ್ಟರಲ್ಲಿ ಇನ್ನೊಂದು ಬಿಡುತ್ತದೆ. ಇಡೀ ಬೋಟ್ ಬಿಚ್ಚಿ ಅಂಟಿಸುವ ಕೂಲಿಗೆ ಹೊಸ ಬೋಟ್ ಹತ್ತಿರ ಬಂದಿರುತ್ತದೆ. ಅಲ್ಲಿಂದ ಎದ್ದು ಬನ್ನಿ.

ಇನ್ನು ಬಟ್ಟೆ. ಅಂಗೈಯನ್ನು ಟ್ಯೂಬಿನ ಮೇಲ್ಮೈಗೆ ಒತ್ತಿ ಎತ್ತಿ. ಅಂಟಂಟು ಎನಿಸಿದರೆ ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ಹೊರಗೆ ಬರುತ್ತಿದೆ ಎಂದರ್ಥ. ಮುಂದಿನ ಹಂತ ಬಿರುಸಾಗಿ ಬಿರುಕು ಬಿಡುವುದು. ತೊಳೆದರೆ ನಾಲ್ಕು ದಿನ ಸರಿ ಕಾಣುತ್ತದೆ, ಮತ್ತೆ ಅಂಟುತ್ತದೆ. ಹೊಸದರಂತೆ ಫಳಫಳ ಹೊಳೆಯುವ ಹಳೆ ಬೋಟನ್ನೂ ನಂಬಬೇಡಿ. ಕಾರಿನ ಡ್ಯಾಶ್‌ಬೋರ್ಡ್‌ಗೆ ಹೊಡೆಯುವ ಸಿಲಿಕಾನ್ ಸ್ಪ್ರೇ ಬಳಿದಿರುತ್ತಾರೆ. ಹೊಳಪು ನಿಮ್ಮನ್ನು ಮರುಳು ಮಾಡುವುದು ಒಂದು ಕಡೆಯಾದರೆ, ಆ ಸಿಲಿಕಾನ್ ಮೇಲೆ ಮುಂದೆ ಪ್ಯಾಚ್ ಕೂರಿಸುವುದೂ ಕಷ್ಟ. ಮಡಿಕೆಗಳ ಗೆರೆಯಲ್ಲಿ ಲೇಪ ಉದುರಿ ಒಳಗಿನ ನೇಯ್ಗೆ ಕಾಣುತ್ತಿದೆಯೇ ನೋಡಿ. ಇಲಿ ಕಡಿದಿದೆಯೇ ಎಂದೂ ನೋಡಿ. ಸುತ್ತಿಟ್ಟ ಬೋಟಿಗೆ ಇಲಿ ಬಾಯಿ ಹಾಕಿದರೆ ಒಂದು ತೂತಿಗೆ ನಿಲ್ಲುವುದಿಲ್ಲ. ಪದರ ಪದರ ಕೊರೆದಿರುತ್ತದೆ, ಬಿಚ್ಚಿದಾಗ ಸಮ ಅಂತರದಲ್ಲಿ ಸಾಲಾಗಿ ತೂತು ಸಿಗುತ್ತವೆ.

ನೀವು ಹೈಪಲಾನ್ ಎಂಬ ಹೆಸರನ್ನೂ ಕೇಳಿರಬಹುದು. ಅದು ಕೃತಕ ರಬ್ಬರ್, ಬಿಸಿಲು ತಡೆಯುವುದರಲ್ಲಿ ಪಿವಿಸಿಗಿಂತ ಬಹಳ ಮೇಲು. ಡುಪಾಂಟ್ ಕಂಪನಿ 2010ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. ಅದೇ ಜಾತಿಯ ರಬ್ಬರನ್ನು ಬೇರೆಯವರು ಮಾಡುತ್ತಾರೆ, ಹೆಸರು ಮಾತ್ರ ಹಾಗೇ ಉಳಿದಿದೆ. ಇದನ್ನು ಪಿವಿಸಿಯಂತೆ ವೆಲ್ಡ್ ಮಾಡಲು ಬರುವುದಿಲ್ಲ, ಅಂಟೇ ಗತಿ. ಆದರೆ ಆ ಅಂಟು ಮತ್ತು ಬಟ್ಟೆಯ ಕೂಟ ಚೆನ್ನಾಗಿ ಬಾಳುತ್ತದೆ. ಹದಿನೈದು ವರ್ಷದ ಹೈಪಲಾನ್ ಬೋಟ್ ಮತ್ತು ಎಂಟು ವರ್ಷದ, ಅಂಟಿನ ಜಾಯಿಂಟಿನ ಪಿವಿಸಿ ಬೋಟ್ ಒಂದೇ ಬೆಲೆಗೆ ಸಿಕ್ಕರೆ ನನ್ನ ಕೈ ಮೊದಲನೆಯದಕ್ಕೇ ಹೋಗುತ್ತದೆ. ಗುರುತಿಸಲು ವಾಲ್ವ್ ಬಿಚ್ಚಿ ಟಾರ್ಚ್ ಹಾಕಿ ಒಳಗೆ ನೋಡಿ. ಪಿವಿಸಿಯಾದರೆ ಒಳಮೈಯೂ ನುಣುಪಾಗಿ ಪ್ಲಾಸ್ಟಿಕ್‌ನಂತೆಯೇ ಇರುತ್ತದೆ, ಹೈಪಲಾನ್ ಆದರೆ ಒಳಗೆ ಮಂಕಾದ ರಬ್ಬರ್ ಕಾಣುತ್ತದೆ.

ಈಗ ಗಾಳಿಯ ವಿಷಯ. ಆ ವಿಡಿಯೊವನ್ನು ಮರೆತುಬಿಡಿ. ಸೋರುವ ಬೋಟೂ ಪಂಪ್ ಹೊಡೆದ ಅರ್ಧ ಗಂಟೆ ಗಟ್ಟಿಯಾಗಿಯೇ ಇರುತ್ತದೆ. ಒಂದು ಸಂಜೆ ಗಾಳಿ ತುಂಬಿಸಿ, ಮರುದಿನ ಬೆಳಿಗ್ಗೆ ಅಳೆದು ನೋಡದೆ ದುಡ್ಡು ಕೊಡಬೇಡಿ. ಮಂಗಳೂರಿಗೆ ಹೋಗಿ ಒಂದು ರಾತ್ರಿ ನಿಲ್ಲುವ ಖರ್ಚು ಈ ವ್ಯಾಪಾರದಲ್ಲಿ ನೀವು ಮಾಡುವ ಅತಿ ಅಗ್ಗದ ಖರ್ಚು.

ಕಾಲು ಪಂಪ್ ಜೊತೆಗೆ ಒತ್ತಡ ತೋರಿಸುವ ಗೇಜ್ ಬೇಕು. ಟ್ರಾನ್ಸಮ್ ಮೇಲಿನ ಪ್ಲೇಟಿನಲ್ಲಿ ಎಷ್ಟು ಒತ್ತಡ ಎಂದು ಬರೆದಿರುತ್ತದೆ. ಇಂಥ ಬೋಟಿನ ಟ್ಯೂಬಿಗೆ ಸಾಮಾನ್ಯವಾಗಿ 0.25 ಬಾರ್ ಆಸುಪಾಸು. ಟ್ಯೂಬಿನೊಳಗೆ ಅಡ್ಡ ಪರದೆ ಹಾಕಿ ಬೇರೆ ಬೇರೆ ಗಾಳಿ ಕೋಣೆ ಮಾಡಿರುತ್ತಾರೆ. ಒಂದು ಕೋಣೆಗೆ ಪೂರ್ತಿ ತುಂಬಿ ಮುಂದಿನದಕ್ಕೆ ಹೋಗಬೇಡಿ. ಎಲ್ಲಕ್ಕೂ ಮೊದಲು ಅರ್ಧ ಅರ್ಧ, ಆಮೇಲೆ ಪೂರ್ತಿ. ಇಲ್ಲವಾದರೆ ನಡುವಿನ ಪರದೆಗಳ ಮೇಲೆ ಒಂದೇ ಕಡೆಯ ಭಾರ ಬೀಳುತ್ತದೆ. ತುಂಬಿದ ಒಂದು ಗಂಟೆಯಲ್ಲಿ ಬಟ್ಟೆ ಸ್ವಲ್ಪ ಹಿಗ್ಗಿ ಒತ್ತಡ ಇಳಿದೇ ಇಳಿಯುತ್ತದೆ, ಅದನ್ನು ಸರಿಮಾಡಿ ಆಮೇಲೆ ಬರೆದಿಟ್ಟುಕೊಳ್ಳಿ. ನೆರಳಿನಲ್ಲಿಡಿ.

ಬೆಳಿಗ್ಗೆ ಗೇಜ್ 0.21 ತೋರಿಸಿತು ಎನ್ನಿ. ಗಾಬರಿ ಬೇಡ. ಸಂಜೆ 34 ಡಿಗ್ರಿ ಇದ್ದ ಹವೆ ಬೆಳಗಿನ ಜಾವಕ್ಕೆ 24ಕ್ಕೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಒಂದು ಗುಳ್ಳೆಯೂ ಹೊರಗೆ ಹೋಗದೆ, ಸುಮಾರು 0.04 ಬಾರ್ ಕಡಿಮೆಯಾಗುತ್ತದೆ. ನೀವು ನೋಡಬೇಕಾದದ್ದು ಕೋಣೆಗಳ ನಡುವಿನ ವ್ಯತ್ಯಾಸ. ಮೂರೂ ಕೋಣೆ 0.21ಕ್ಕೆ ಬಂದಿದ್ದರೆ ಅದು ಹವೆಯ ಆಟ. ಎರಡು 0.21ರಲ್ಲಿದ್ದು ಒಂದು 0.12 ತೋರಿಸಿದರೆ ಸೋರಿಕೆ ಆ ಕೋಣೆಯಲ್ಲಿದೆ. ಗೇಜಿಲ್ಲದೆ ಬರೀ ಕೈಯಿಂದ ತಟ್ಟಿ ನೋಡುವವರಿಗೆ ಈ ವ್ಯತ್ಯಾಸ ಸಿಗುವುದಿಲ್ಲ. ಮಾರುವವರು ‘ಚಳಿಗೆ ಹಾಗಾಗುತ್ತೆ ಸಾರ್’ ಎಂದು ತೇಲಿಸಿಬಿಡುತ್ತಾರೆ.

ಸೋರುವ ಕೋಣೆ ಗೊತ್ತಾದ ಮೇಲೆ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ ಸ್ಪಂಜಿನಲ್ಲಿ ಬಳಿಯಿರಿ. ಮೊದಲು ವಾಲ್ವ್ ಸುತ್ತ, ಏಕೆಂದರೆ ಸೋರಿಕೆಯ ಮೂಲ ಅನೇಕ ಸಲ ಅಲ್ಲೇ ಇರುತ್ತದೆ. ವಾಲ್ವಿನ ನಡುವೆ ಗುಳ್ಳೆ ಬಂದರೆ ಒಳಗಿನ ವಾಷರ್ ಮೇಲೆ ಮರಳು ಕೂತಿದೆ, ತೊಳೆದರೆ ಆಯಿತು. ವಾಲ್ವಿನ ಹೊರಸುತ್ತಿನಲ್ಲಿ ಬಂದರೆ ಅದರದೇ ಸ್ಪ್ಯಾನರ್ ಹಾಕಿ ಬಿಗಿ ಮಾಡಿದರೆ ನಿಲ್ಲುತ್ತದೆ. ವಾಲ್ವ್ ಹಾಳಾಗಿದ್ದರೂ ಬದಲಿಸಬಹುದು. ಹಳೆ ಬ್ರಾಂಡಿನದಾದರೆ ಅದೇ ಅಳತೆಯದು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಆಮೇಲೆ ಜಾಯಿಂಟ್, ಆಮೇಲೆ ಪ್ಯಾಚ್‌ಗಳ ಅಂಚು, ಕೊನೆಗೆ ಬಯಲು ಬಟ್ಟೆ. ಒಂದೇ ಕಡೆ ದೊಡ್ಡ ಗುಳ್ಳೆ ಏಳುತ್ತಿದ್ದರೆ ಅದು ತೂತು, ಗುರುತು ಹಾಕಿ ಬೆಲೆ ಇಳಿಸಿ. ಅಂಗೈಯಗಲದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಬೆವರಿನಂತೆ ಒಸರುತ್ತಿದ್ದರೆ ಬಟ್ಟೆಯೇ ಸೋಸುತ್ತಿದೆ. ಅದಕ್ಕೆ ಪ್ಯಾಚ್ ಇಲ್ಲ. ಒಳಗೆ ಸುರಿದು ಉರುಳಾಡಿಸುವ ದ್ರಾವಣಗಳು ಸಿಗುತ್ತವೆ, ಸ್ವಲ್ಪ ಕಾಲ ತಳ್ಳಿಕೊಂಡು ಹೋಗಲು ಸಾಕು, ದುಡ್ಡು ಕೊಟ್ಟು ಕೊಳ್ಳುವ ಬೋಟಿಗೆ ಅದರ ಭರವಸೆ ಬೇಡ.

ಬಹಳ ಜನ ಬಿಟ್ಟುಬಿಡುವ ಪರೀಕ್ಷೆಯೊಂದಿದೆ. ಕೋಣೆಗಳ ನಡುವಿನ ಪರದೆ ಹೊರಗೆ ಕಾಣುವುದಿಲ್ಲ. ಅದು ಹರಿದಿದ್ದರೆ ಬೋಟ್ ಎಂಟು ದಿನವೂ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದರೆ ಹೊಳೆಯ ನಡುವೆ ಒಂದು ಕಡೆ ಸಿಂಪಿ ಕೊಯ್ದ ದಿನ ಎರಡು ಕೋಣೆ ಒಟ್ಟಿಗೆ ಇಳಿಯುತ್ತವೆ. ಕೋಣೆ ಕೋಣೆಯಾಗಿ ಬೋಟ್ ಮಾಡುವುದೇ ಒಂದು ಹೋದರೆ ಉಳಿದವು ತೇಲಿಸಲಿ ಎಂದು. ರಾತ್ರಿಯ ಪರೀಕ್ಷೆ ಮುಗಿದ ಮೇಲೆ ಎಲ್ಲ ಕೋಣೆಗಳ ಒತ್ತಡ ಸ್ವಲ್ಪ ಇಳಿಸಿಕೊಂಡು, ಒಂದನ್ನು ಪೂರ್ತಿ ಖಾಲಿ ಮಾಡಿ, ಅದರ ವಾಲ್ವ್ ಮುಚ್ಚಿ. ಪಕ್ಕದ ಕೋಣೆ ತುಸು ಮೆತ್ತಗಾಗುತ್ತದೆ. ಪರದೆ ಖಾಲಿ ಕಡೆಗೆ ಉಬ್ಬಿರುತ್ತದೆ, ಅದು ಸಹಜ. ಅಲ್ಲಿಗೇ ನಿಂತಿತೇ ಎಂಬುದು ಮುಖ್ಯ. ಹತ್ತಿಪ್ಪತ್ತು ನಿಮಿಷ ಬಿಟ್ಟು ನೋಡಿದಾಗ ಪಕ್ಕದ್ದು ಇನ್ನೂ ಇಳಿಯುತ್ತಿದ್ದು, ಖಾಲಿ ಮಾಡಿದ್ದು ತಾನಾಗಿ ಮೈ ತುಂಬಿಕೊಳ್ಳುತ್ತಿದ್ದರೆ ಪರದೆ ಹೋಗಿದೆ. ಟ್ಯೂಬ್ ಕೊಯ್ಯದೆ ಅದನ್ನು ರಿಪೇರಿ ಮಾಡಲಾಗದು. ಬೆಲೆ ಎಷ್ಟೇ ಇಳಿಸಿದರೂ ಆ ಬೋಟ್ ಬೇಡ, ನಿಮ್ಮ ಮನೆಯ ಮಕ್ಕಳು ಕೂರುವವರು.

ಗಾಳಿಯ ನೆಲ ಬೇರೆಯೇ ಜಾತಿ. ಮೇಲಿನ ಮತ್ತು ಕೆಳಗಿನ ಪದರವನ್ನು ಸಾವಿರಾರು ದಾರಗಳು ಒಳಗೆ ಹಿಡಿದಿರುತ್ತವೆ. ಆದ್ದರಿಂದಲೇ 0.7, 0.8 ಬಾರ್ ತುಂಬಿದರೂ ಉಬ್ಬದೆ ಹಲಗೆಯಂತೆ ಚಪ್ಪಟೆ ನಿಲ್ಲುತ್ತದೆ. ಟ್ಯೂಬಿನ ಒತ್ತಡಕ್ಕೆ ತುಂಬಿ ‘ನೆಲ ಸರಿಯಿದೆ’ ಎಂದು ತೋರಿಸಿದರೆ ಒಪ್ಪಬೇಡಿ, ಪ್ಲೇಟಿನಲ್ಲಿ ಬರೆದಷ್ಟು ತುಂಬಿಸಿ. ಆಗ ಎಲ್ಲಾದರೂ ಗೆಡ್ಡೆಯಂತೆ ಎದ್ದರೆ ಅಲ್ಲಿ ಒಳದಾರ ಕಿತ್ತಿವೆ. ಅದು ಬೆಳೆಯುತ್ತಲೇ ಹೋಗುತ್ತದೆ, ರಿಪೇರಿ ಇಲ್ಲ. ಹೊಸ ನೆಲದ ದುಡ್ಡನ್ನು ಕಳೆದು ಮಾತಾಡಿ. ನೆಲವನ್ನು ಹೊರಗೆ ತೆಗೆದು ಅದರಡಿಯ ಬಟ್ಟೆಯನ್ನೂ ನೋಡಿ. ಒಳಗೆ ಸೇರಿಕೊಂಡ ಮರಳು ಅಲ್ಲೇ ಉಜ್ಜಿ ಉಜ್ಜಿ ಲೇಪ ತಿಂದಿರುತ್ತದೆ.

ನೀವು ಹೆದರಿದ ಆ ಎರಡು ಪ್ಯಾಚ್‌ಗಳಿಗೆ ಬರೋಣ. ಮೂಲೆಗಳನ್ನು ದುಂಡಾಗಿ ಕತ್ತರಿಸಿ, ಅದೇ ಬಟ್ಟೆಯಲ್ಲಿ, ಅಂಚು ಏಳದಂತೆ ಕೂರಿಸಿದ್ದರೆ ಗೊತ್ತಿದ್ದವರು ಮಾಡಿದ ಕೆಲಸ. ಪಿವಿಸಿಗೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಅಂಟೇ ಆಗಬೇಕು. ಸೈಕಲ್ ಟ್ಯೂಬಿನ ಸಲ್ಯೂಶನ್ ಹಾಕಿದ್ದರೆ ನಿಲ್ಲುವುದಿಲ್ಲ, ಫೆವಿಕ್ವಿಕ್ ಹಾಕಿದ್ದರೆ ಗಾಜಿನಂತೆ ಬಿರುಸಾಗಿ ಮಡಚಿದಲ್ಲಿ ಒಡೆದಿರುತ್ತದೆ. ಇಂಥ ಅವಸರದ ತೇಪೆ ಕಂಡರೆ ಬೋಟ್ ಬಿಡಬೇಕೆಂದಿಲ್ಲ, ಕಿತ್ತು ಕೆರೆದು ಹೊಸದು ಹಾಕಬಹುದು. ಆದರೆ ಹಾಗೆ ಮಾಡಿದ ಮಾಲೀಕರು ಉಪ್ಪುನೀರಿನಿಂದ ಬಂದ ಮೇಲೆ ಬೋಟನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿದ್ದಾರೆ ಎಂದು ನಾನು ನಂಬುವುದಿಲ್ಲ. ಪ್ಯಾಚ್ ಜಾಯಿಂಟಿನ ಮೇಲೆಯೇ ಇದ್ದರೆ ಮಾತ್ರ ನಿಮ್ಮ ಅನುಮಾನ ಸರಿ.

ಟ್ರಾನ್ಸಮ್ ಒಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ ಕ್ಲಾಂಪ್ ಕೂರುವ ಜಾಗ, ನೀರು ಹೊರಗೆ ಬಿಡುವ ತೂತಿನ ಸುತ್ತ, ಮೊಳೆ ತಿರುಪು ಇರುವಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಬನ್ನಿ. ಟಕಟಕ ಎನ್ನುತ್ತಿದ್ದ ಸದ್ದು ಒಂದು ಕಡೆ ಬೊದ್ದು ಬಂದರೆ ಅಲ್ಲಿ ಲಡ್ಡಾಗಿದೆ. ಆಮೇಲೆ ಬೋಟ್ ಗಟ್ಟಿ ತುಂಬಿದ್ದಾಗ ಹಲಗೆಯ ಮೇಲಂಚು ಹಿಡಿದು ಹಿಂದಕ್ಕೆ ಮುಂದಕ್ಕೆ ಜಗ್ಗಿ. ಟ್ಯೂಬಿನ ಜೊತೆ ಒಂದಾಗಿ ಅಲುಗಬೇಕು. ಹಲಗೆ ಮತ್ತು ಟ್ಯೂಬ್ ನಡುವೆ ಗೆರೆ ಬಾಯಿ ಬಿಡಬಾರದು.

ಹಲಗೆಯ ಹೊರಮೈಯಲ್ಲಿ, ಹಿಂದಿನಿಂದ ನೋಡಿದರೆ ಬಲಗಡೆ ಮೇಲೆ, ಬೋಟಿನ ಗುರುತು ಸಂಖ್ಯೆ ಹುಡುಕಿ. ಯುರೋಪಿನ ಅಥವಾ ಅಮೆರಿಕದ ಮಾರುಕಟ್ಟೆಗೆ ಮಾಡಿದ ಬೋಟಾದರೆ ಇರಲೇಬೇಕು. ಅದರ ಕೊನೆಯ ನಾಲ್ಕು ಅಕ್ಷರ ಮುಖ್ಯ. ಸಿ414 ಎಂದಿದ್ದರೆ ಸಿ ಎಂದರೆ ಮೂರನೇ ತಿಂಗಳು ಮಾರ್ಚ್, 4 ಎಂದರೆ 2014ರಲ್ಲಿ ಮಾಡಿದ್ದು, 14 ಆ ಮಾಡೆಲ್ಲಿನ ವರ್ಷ. 2016ರ ಬೋಟ್ ಎಂದವರ ಬಳಿ ಈ ನಾಲ್ಕು ಅಕ್ಷರ ಬೇರೆ ಮಾತಾಡುವುದುಂಟು. ಕೊಂಡ ವರ್ಷ ಹೇಳಿರುತ್ತಾರೆ, ಮಾಡಿದ ವರ್ಷ ಹೇಳಿರುವುದಿಲ್ಲ. ಪ್ಲೇಟಿನಲ್ಲೇ ಎಷ್ಟು ಜನ, ಎಷ್ಟು ಕಿಲೋ, ಎಷ್ಟು ಶಕ್ತಿಯ ಎಂಜಿನ್ ಎಂದೂ ಇರುತ್ತದೆ. ಶಕ್ತಿಯನ್ನು ಕಿಲೋವ್ಯಾಟಿನಲ್ಲಿ ಬರೆದಿದ್ದರೆ ನಿಮ್ಮ 8 ಎಚ್‌ಪಿ ಅಂದರೆ ಸುಮಾರು 6.

ಎಂಜಿನ್ ಬಗ್ಗೆ ಹೊನ್ನಾವರದಲ್ಲಿ ನನಗಿಂತ ಚೆನ್ನಾಗಿ ಹೇಳುವ ಮೆಕ್ಯಾನಿಕ್‌ಗಳಿದ್ದಾರೆ. ಸಾಧ್ಯವಾದರೆ ಒಬ್ಬರನ್ನು ಕರೆದುಕೊಂಡೇ ಹೋಗಿ. ಅದಿಲ್ಲವೆಂದರೆ ಮೂರು ನೋಡಿ: ನೀರಿನ ಡ್ರಮ್ಮಿನಲ್ಲಿ ಓಡಿಸಿದಾಗ ಪಕ್ಕದ ಸಣ್ಣ ತೂತಿನಿಂದ ನೀರು ಎಡೆಬಿಡದೆ ಚಿಮ್ಮಬೇಕು, ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿರಬಾರದು, ಮತ್ತು ಶಾಫ್ಟಿನ ಉದ್ದ ಟ್ರಾನ್ಸಮ್ ಎತ್ತರಕ್ಕೆ ಹೊಂದಬೇಕು. ಶಾರ್ಟ್ ಶಾಫ್ಟ್ 15 ಇಂಚಿನದು, ಲಾಂಗ್ ಶಾಫ್ಟ್ 20 ಇಂಚಿನದು. ಬೇರೆಲ್ಲಿಂದಲೋ ಬಂದ ಎಂಜಿನನ್ನು ಈ ಬೋಟಿಗೆ ಗಂಟು ಹಾಕಿ ಮಾರುವವರು ಇದ್ದಾರೆ, ಟೇಪ್ ಹಿಡಿದು ಅಳೆಯಿರಿ. ಎಂಜಿನ್ ನಂಬರ್ ಮತ್ತು ಬಿಲ್ಲಿನ ನಂಬರ್ ತಾಳೆ ನೋಡಿ. ಎಂಜಿನ್ ಇರುವ ಒಳನಾಡು ನೌಕೆಗಳಿಗೆ 2021ರ ಒಳನಾಡು ನೌಕೆಗಳ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲೇ ನಿಮ್ಮೂರಿನ ಬಂದರು ಕಚೇರಿಯಲ್ಲಿ ನಿಮ್ಮ ಅಳತೆಯ ಬೋಟಿಗೆ ಯಾವ ಕಾಗದ ಕೇಳುತ್ತಾರೆ ಎಂದು ವಿಚಾರಿಸಿ. ಬಿಲ್ ಇಲ್ಲದ ಬೋಟ್ ಅಲ್ಲಿ ತೊಡಕಾಗುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ, ಬಂಡೆಗೆ ಕಚ್ಚಿದ ಸಿಂಪಿ, ಇಳಿತದ ಹೊತ್ತಿಗೆ ಮೇಲೇಳುವ ಮರಳ ದಿಬ್ಬ, ಇವು ನಿಮ್ಮ ಹೊಳೆಯಲ್ಲಿ ಇದ್ದದ್ದೇ. ಬೋಟ್ ಗಟ್ಟಿ ಎಂದು ಗೊತ್ತಾಗಿ ತೆಗೆದುಕೊಂಡರೆ ಮೊದಲ ಖರ್ಚಾಗಿ ಅಡಿಯ ಮೂತಿಯಿಂದ ಹಿಂದಿನವರೆಗೆ ಒಂದು ದಪ್ಪ ಪಟ್ಟಿ ಅಂಟಿಸಿಕೊಳ್ಳಿ. ಅಳಿವೆ ಬಾಗಿಲಿನ ಕಡೆಗೆ ಅದರಲ್ಲಿ ಹೋಗಬೇಡಿ.

ಬೆಲೆ ಮಾತಾಡುವಾಗ ಬೋಟಿಗೆ ಬೇರೆ, ಎಂಜಿನ್ನಿಗೆ ಬೇರೆ ಲೆಕ್ಕ ಕೇಳಿ. ಇಂಥ ಜೋಡಿ ಮಾರಾಟದಲ್ಲಿ ನಿಜವಾದ ಬೆಲೆ ಇರುವುದು ಹೆಚ್ಚಿನ ಸಲ ಎಂಜಿನ್ನಿಗೆ. ವೆಲ್ಡ್ ಜಾಯಿಂಟ್ ಇದ್ದು, ರಾತ್ರಿಯ ಪರೀಕ್ಷೆಯಲ್ಲಿ ಮೂರೂ ಕೋಣೆ ಒಂದೇ ಸಮ ನಿಂತರೆ ಎರಡು ಪ್ಯಾಚ್‌ಗೆಂದು ಒಂದಿಷ್ಟು ಇಳಿಸಿ ತೆಗೆದುಕೊಳ್ಳಿ. ಅಂಟಿನ ಜಾಯಿಂಟ್ ಇದ್ದು ಇನ್ನೂ ಗಟ್ಟಿಯಾಗಿದ್ದರೆ ಎರಡು ಮೂರು ಮಳೆಗಾಲದ ಬಾಳಿಕೆಗೆ ಎಷ್ಟು ಕೊಡಬಹುದೋ ಅಷ್ಟೇ ಕೊಡಿ. ರಾತ್ರಿ ಗಾಳಿ ತುಂಬಿಸಿಡಲು ಮಾಲೀಕರು ಒಪ್ಪದಿದ್ದರೆ ಎಂಜಿನ್ನಿಗೆ ಮಾತ್ರ ಬೆಲೆ ಕಟ್ಟಿ, ಬೋಟಿಗೆ ಸೊನ್ನೆ.